ಪಂಕ್ತಿಯ ಕೊನೆಯ ಎಲೆ

ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ನಾಚಿಮುತ್ತು ಅವರಿಗೆ ಏನನ್ನು ವಿವರಿಸಬೇಕಾದರೂ ಮದುವೆ ಊಟವೇ ಬೇಕು. ಕೊಯಮತ್ತೂರಿನ ಸುತ್ತ ಕಂಪನಿಯ ಮೂರು ಕಟ್ಟಡಗಳು ಏಳುತ್ತಿದ್ದವು. ಕಾಂಕ್ರೀಟ್ ಪಂಪು ಮಾತ್ರ ಒಂದೇ. ಕಟ್ಟಡಗಳು ಮೂರು ಎಲೆ, ಪಂಪು ಸಾಂಬಾರಿನ ಬಕೆಟ್ಟು, ತಾವು ಬಡಿಸುವವರು ಎಂದು ಪ್ರತಿ ಸೋಮವಾರದ ಮೀಟಿಂಗಿನಲ್ಲೂ ಹೇಳುತ್ತಿದ್ದರು. ಇನ್ನೊಂದು ಪಂಪನ್ನು ಬಾಡಿಗೆಗೆ ತರಬಹುದಲ್ಲ ಎಂದು ನಾನೊಮ್ಮೆ ಕೇಳಿದ್ದೆ. ಪಕ್ಕದ ಮನೆಯ ಸಾಂಬಾರನ್ನು ಮದುವೆಗೆ ಬಡಿಸುತ್ತಾರೇನಯ್ಯಾ ಎಂದು ಬಾಯಿ ಮುಚ್ಚಿಸಿದ್ದರು.

ಸಾಲಿನ ಕೊನೆಯ ಎಲೆ ಸೈಟ್ ಇಂಜಿನಿಯರ್ ಪೂಂಗೊಡಿ ನೋಡಿಕೊಳ್ಳುತ್ತಿದ್ದ ಹಾಸ್ಟೆಲ್ ಕಟ್ಟಡ. ಕಂಬಿ ಕಟ್ಟಿ ಮುಗಿದಿತ್ತು, ಸ್ಲ್ಯಾಬ್ ಹಾಕುವುದಷ್ಟೇ ಬಾಕಿ. ಈ ತಿಂಗಳೊಳಗೆ ಅದಾದರೆ ಅವಳ ಕೆಲಸ ಕಾಯಂ, ಇಲ್ಲವಾದರೆ ಮನೆಗೆ. ಪಂಪು ಮೊದಲನೇ ಎಲೆಯಲ್ಲಿ, ಎಂದರೆ ದಂಡಪಾಣಿ ನೋಡಿಕೊಳ್ಳುತ್ತಿದ್ದ ಗೋದಾಮು ಕಟ್ಟಡದ ಮುಂದೆ, ಸುಮ್ಮನೆ ನಿಂತಿತ್ತು. ಅವನ ಸ್ಲ್ಯಾಬ್ ಹೋದ ವಾರವೇ ಮುಗಿದಿತ್ತು. ಕಳಿಸಿದರೆ ಮತ್ತೆ ಬೇಕಾದಾಗ ಸಿಗುವುದಿಲ್ಲವೆಂದು ಹಿಡಿದಿಟ್ಟುಕೊಂಡಿದ್ದ.

"ಸಾರ್, ಮೊದಲ್ನೇ ಎಲೆಯವ್ರು ಉಂಡು ಎಲೆ ಮಡಚಿದಾರೆ. ಬಕೆಟ್ಟು ಅಲ್ಲೇ ಕೂತಿದೆ," ಎಂದಳು ಪೂಂಗೊಡಿ, ಆ ಸೋಮವಾರದ ಮೀಟಿಂಗಿನಲ್ಲಿ.

ನಾಚಿಮುತ್ತು ಅವರ ಮುಖ ಅರಳಿತು. ಅವರ ಭಾಷೆಯಲ್ಲೇ ಅವರಿಗೆ ಉತ್ತರ ಸಿಕ್ಕಿದ್ದು ಅದೇ ಮೊದಲು.

"ಚೆನ್ನಾಗಿ ಹೇಳ್ದೆ ಕಣಮ್ಮಾ. ಆದ್ರೆ ಪಂಕ್ತೀಲಿ ಎಲ್ರದೂ ಮುಗಿಯೋವರ್ಗೂ ಮೊದಲ್ನೇವ್ನು ಏಳ್ತಾನಾ? ಅದು ಮರ್ಯಾದೆನಾ?"

ಎಲ್ಲರದೂ ಮುಗಿಯಬೇಕಾದರೆ ಬಕೆಟ್ಟು ಬರಬೇಕು. ಬಕೆಟ್ಟು ಬರಬೇಕಾದರೆ ಎಲ್ಲರದೂ ಮುಗಿಯಬೇಕು. ಮೀಟಿಂಗಿನಲ್ಲಿದ್ದವರೆಲ್ಲ ತಲೆಯಾಡಿಸಿದರು.

ಮರುದಿನ ಪೂಂಗೊಡಿ ಗೋದಾಮಿನ ಸೈಟಿಗೆ ಹೋಗಿ ದಂಡಪಾಣಿಯ ಕುರ್ಚಿಯ ಹಿಂದೆ ನಿಂತಳು. ಮದುವೆಗಳಲ್ಲಿ ಜಾಗ ಸಿಗದವರು ಉಣ್ಣುತ್ತಿರುವವನ ಬೆನ್ನಿಗೆ ನಿಂತು, ಅವನ ಕುರ್ಚಿ ಹಿಡಿದು ಕಾಯುತ್ತಾರಲ್ಲ, ಹಾಗೆ. ಕೂತುಕೋ ಎಂದರೆ, ಬೇಡಣ್ಣಾ, ನೀವು ಮುಗಿಸಿ ಎಂದಳು. ಮೇಸ್ತ್ರಿಗಳು ಒಬ್ಬೊಬ್ಬರಾಗಿ ನೆಪ ಮಾಡಿಕೊಂಡು ಬಂದು ಇಣುಕಿ ಹೋದರು. ಮಧ್ಯಾಹ್ನ ದಂಡಪಾಣಿ ಡಬ್ಬಿ ಬಿಚ್ಚಿದ. ಅವನ ತುತ್ತನ್ನೇ ಅವಳು ನೋಡತೊಡಗಿದಳು. ಅವನು ಕೈಯಲ್ಲಿದ್ದ ತುತ್ತನ್ನು ಡಬ್ಬಿಗೇ ವಾಪಸ್ ಹಾಕಿದ.

"ತಗೊಂಡ್ಹೋಗು ತಾಯಿ ನಿನ್ನ ಪಂಪು. ಮೊಸರನ್ನ ಆದ್ರೂ ನೆಮ್ಮದಿಯಾಗಿ ತಿಂತೀನಿ."

ಆ ವಾರವೇ ಸ್ಲ್ಯಾಬ್ ಆಯಿತು.

ಮುಂದಿನ ಸೋಮವಾರ ನಾಚಿಮುತ್ತು ಅವರು ಬಹಳ ಹೊತ್ತು ಮಾತಾಡಿದರು. ಯಾರಿಗೆ ಯಾವಾಗ ಎಷ್ಟು ಎಂದು ಹಂಚುವ ವಿದ್ಯೆಯನ್ನು ತಾವು ಇಷ್ಟು ದಿನ ಹೇಳಿಕೊಟ್ಟಿದ್ದು ಕೊನೆಗೂ ಒಬ್ಬರಿಗಾದರೂ ಅರ್ಥವಾಯಿತಂತೆ. ಆದ್ದರಿಂದ ಇನ್ನು ಮೂರೂ ಕಟ್ಟಡಗಳಿಗೆ ಪಂಪು ಹಂಚುವ ಜವಾಬ್ದಾರಿ ಪೂಂಗೊಡಿಯದೇ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ದಂಡಪಾಣಿ.

"ಕಾಯಂ ಆರ್ಡರ್ ಸಾರ್?" ಎಂದಳು ಅವಳು.

"ಬರುತ್ತಮ್ಮಾ, ಎಲ್ಲಿಗ್ಹೋಗುತ್ತೆ? ಈಗ ಬಕೆಟ್ಟು ನಿನ್ನ ಕೈಲಿದೆಯಲ್ಲ. ಬಡಿಸೋರು ಊಟಕ್ಕೆ ಕೂರೋದು ಕೊನೇ ಪಂಕ್ತೀಲಿ."

ಎಲ್ಲರೂ ನಕ್ಕರು. ಪೂಂಗೊಡಿ ಎದ್ದು, ಮೇಜನ್ನು ಸುತ್ತಿಕೊಂಡು ಹೋಗಿ, ನಾಚಿಮುತ್ತು ಅವರ ಕುರ್ಚಿಯನ್ನು ಹಿಂದಿನಿಂದ ಹಿಡಿದು ನಿಂತಳು.