ಪರದೆಯ ಮೂಲೆಯಲ್ಲಿ ಅಕ್ಕ

ಟಿವಿಯಲ್ಲಿ ನಾಯಕರು ಭಾಷಣ ಮಾಡುವಾಗ ಪರದೆಯ ಮೂಲೆಯಲ್ಲಿ ಕೈ ಆಡಿಸುತ್ತಾ ನಿಲ್ಲುವವಳು ನಾನೇ. ಅವರ ಮಾತನ್ನು ಕಿವುಡರಿಗೆ ಸನ್ನೆಯಲ್ಲಿ ಹೇಳುವುದು ನನ್ನ ಕೆಲಸ. ಸನ್ನೆ ಕಲಿತದ್ದು ತಮ್ಮನಿಂದ. ಅವನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ಬಡಗಿ, ದೊಡ್ಡ ತಲೆಹರಟೆ. ನಾನು ಮನೆಗೆ ಬಂದರೆ ಸಾಕು, "ಇವತ್ತು ನಿನಗಿಂತ ನಾಯಕರೇ ಜಾಸ್ತಿ ಕೈ ಆಡಿಸಿದರು" ಅಂತ ಸನ್ನೆಯಲ್ಲೇ ಛೇಡಿಸುತ್ತಿದ್ದ.

ಯುದ್ಧ ಶುರುವಾದದ್ದೇ ತಡ, ಹೊಸ ಕಾನೂನು ಬಂತು. ಅನುಮಾನ ಬಂದವರನ್ನು ಹಿಡಿದು ಒಳಗೆ ಹಾಕಬಹುದು. ವಕೀಲರೂ ಇಲ್ಲ, ಮನೆಯವರ ಭೇಟಿಯೂ ಇಲ್ಲ. ಅದನ್ನು ಸಾರಿದ್ದೂ ಈ ನನ್ನ ಹಾಳು ಕೈಗಳೇ. ವಾರ ಕಳೆಯುವುದರೊಳಗೆ ತಮ್ಮನನ್ನೇ ಹಿಡಿದರು. ಸೇತುವೆಯ ಕಾವಲಿನವರು "ನಿಲ್ಲು" ಅಂದರಂತೆ, ಇವನು ನಿಲ್ಲಲಿಲ್ಲವಂತೆ. ಚೀಲದಲ್ಲಿ ಅಳತೆಪಟ್ಟಿ, ಯಾರದೋ ಮನೆಯ ಕಿಟಕಿಯ ಅಳತೆ ಗೀಚಿದ ಚೀಟಿ. ಗೂಢಚಾರ ಅನ್ನಲು ಅಷ್ಟು ಸಾಕಾಯ್ತು.

ಠಾಣೆಗೆ ಓಡಿದೆ. "ಅವನಿಗೆ ಕೇಳಿಸಲ್ಲ ಸ್ವಾಮಿ. ನಾನು ಪಕ್ಕದಲ್ಲಿ ನಿಂತು ಅವನ ಮಾತು ಹೇಳ್ತೀನಿ."

"ಸಂಬಂಧಿಕರನ್ನ ಒಳಗೆ ಬಿಡೋ ಹಾಗಿಲ್ಲಮ್ಮ," ಅಂದ ಅಧಿಕಾರಿ. "ಹೇಳಿಕೆ ನಾವೇ ಬರೆದಿದೀವಿ. ಅವನು ರುಜು ಹಾಕಿದ್ರೆ ಮುಗೀತು."

ತಮ್ಮನಿಗೆ ಓದು ಅಷ್ಟಕ್ಕಷ್ಟೇ. ರುಜು ಹಾಕಿದರೆ ಗೂಢಚಾರ ಅಂತ ತಾನೇ ಒಪ್ಪಿಕೊಂಡ ಹಾಗೆ, ಅದಕ್ಕೆ ಗಲ್ಲು. ಅದನ್ನು ಅವನಿಗೆ ತಿಳಿಸುವುದು ಹೇಗೆ? ಹೊರಡುವಾಗ ಒಳಗೆಲ್ಲೋ ಟಿವಿ ಮಿನುಗುವುದು ಕಂಡಿತು.

ಮರುದಿನ ನಾಯಕರ ಭಾಷಣ. "ಒಬ್ಬ ನಿರಪರಾಧಿಗೂ ತೊಂದರೆಯಾಗಲು ಬಿಡುವುದಿಲ್ಲ" ಅಂದರು. ಆ ಮಾತನ್ನು ಕೈಬಿಟ್ಟೆ. "ತಮ್ಮಾ, ಯಾವ ಕಾಗದಕ್ಕೂ ರುಜು ಹಾಕಬೇಡ. ಅಕ್ಕ ಬರ್ತೀನಿ" ಅಂತ ಸನ್ನೆ ಮಾಡಿದೆ.

ಕೇಳಿಸುವವರಿಗೆ ಒಂದೂ ಗೊತ್ತಾಗಲಿಲ್ಲ. ನಿರ್ಮಾಪಕ "ಚೆನ್ನಾಗಿ ಬಂತು" ಅಂದ. ದೇಶದ ಕಿವುಡರೆಲ್ಲ ನೋಡಿದ್ದರು, ಒಬ್ಬರೂ ಬಾಯಿಬಿಡಲಿಲ್ಲ. ಬೆಳಿಗ್ಗೆ ಬಾಗಿಲು ತೆರೆದರೆ ಗುರುತಿಲ್ಲದ ಹತ್ತಾರು ಜನ ಬೀದಿಯಲ್ಲಿ ನಿಂತಿದ್ದರು. "ತಮ್ಮ ಬಂದನಾ?" ಅಂತ ಅವರ ಕೈಗಳು ಕೇಳಿದವು. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು.

ಅವನು ಬರಲಿಲ್ಲ. ಆ ಟಿವಿ ಇದ್ದದ್ದು ಪೇದೆಗಳು ಊಟ ಮಾಡುವ ಕೋಣೆಯಲ್ಲಿ. ತಮ್ಮನ ಕೋಣೆಗೆ ಕಿಟಕಿಯೂ ಇರಲಿಲ್ಲ. ಎಲ್ಲ ಮುಗಿದ ಮೇಲೆ ಒಬ್ಬ ಪೇದೆ ನನ್ನನ್ನು ಹುಡುಕಿಕೊಂಡು ಬಂದು, ತಲೆ ತಗ್ಗಿಸಿ ಹೇಳಿದ: ತಮ್ಮನ ಜೇಬಿನಲ್ಲಿದ್ದ ನನ್ನ ಫೋಟೋ ತೋರಿಸಿ, ಬಾಗಿಲ ಕಡೆ ಕೈ ಮಾಡಿ, ಪೆನ್ನು ಕೊಟ್ಟರಂತೆ. ಅಕ್ಕನ ಹತ್ತಿರ ಕಳಿಸುತ್ತಾರೆ ಅಂದುಕೊಂಡು ನಗುನಗುತ್ತಾ ರುಜು ಹಾಕಿದನಂತೆ.