ಮೂರನೇ ಗೇರು

"ತಳ್ರೋ, ಇನ್ನೊಂದ್ಸಲ ತಳ್ರೋ!" ಎಂದು ಚನ್ನಮಲ್ಲಪ್ಪ ಕೂಗಿದ. ನಾಲ್ವರು ಭುಜ ಕೊಟ್ಟರು. ಗೇಟಿನೊಳಗೆ ದಾರಿಗೆ ಅಡ್ಡವಾಗಿದ್ದ ಹಸಿರು ಕಾರು ಮೊಂಡ ಎತ್ತಿನಂತೆ ಒಮ್ಮೆ ಮುಂದಕ್ಕೆ ಬಾಗಿ, ಮತ್ತೆ ಅಲ್ಲೇ ನಿಂತಿತು.

ತೀರಿಕೊಂಡಿದ್ದವರು ಅವನ ಅಣ್ಣ, ಗಣಿತದ ಮೇಷ್ಟ್ರು ಬಸವಲಿಂಗಪ್ಪ. ಬೆಳಿಗ್ಗೆ ಪೂಜೆಗೆ ಕೂತವರು ಹಾಗೆಯೇ ಒರಗಿದ್ದರು. ಅವರನ್ನು ಕೂರಿಸಿ ಒಯ್ಯಬೇಕಾದ ವಿಮಾನ ಹೂವಿನ ಅಲಂಕಾರ ಮುಗಿದು ಬೀದಿಯಲ್ಲಿ ಕಾಯುತ್ತಿತ್ತು. ಕಾರು ಹೊರಗೆ ಹೋಗದೆ ಅದು ಒಳಗೆ ಬರುವಂತಿರಲಿಲ್ಲ.

"ಗೇರಲ್ಲೇ ಸಿಕ್ಕೊಂಡಿದೆ ಸಾರ್, ನ್ಯೂಟ್ರಲ್ಲೇ ಸಿಗ್ತಿಲ್ಲ," ಎಂದ ಪಕ್ಕದ ಮನೆಯ ಗೋಪೀನಾಥ. ಅವನ ಕೈಯಲ್ಲಿ ಗೇರ್ ರಾಡು ಸಾರಿನ ಪಾತ್ರೆಯೊಳಗಿನ ಸೌಟಿನಂತೆ ಓಲಾಡುತ್ತಿತ್ತು. "ಗೇರ್ ಬಾಕ್ಸೇ ಹೋಗಿರ್ಬೇಕು."

"ಜೀವ ಇರೋವಾಗ ಯಾರ ದಾರಿಗೂ ಅಡ್ಡ ಬಂದೋನಲ್ಲ ನಮ್ಮಣ್ಣ. ಇವತ್ತು ನೋಡಿ!" ಎನ್ನುತ್ತ ಚನ್ನಮಲ್ಲಪ್ಪ ನಗಲು ಹೋಗಿ ಕಣ್ಣೊರೆಸಿಕೊಂಡ.

ಪಡಸಾಲೆಯಲ್ಲಿ ಮೇಷ್ಟ್ರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಕೊರಳಲ್ಲಿ ರುದ್ರಾಕ್ಷಿ, ಎಡ ಅಂಗೈಯಲ್ಲಿ ಇಷ್ಟಲಿಂಗ. ಪಕ್ಕದಲ್ಲಿದ್ದ ಹೆಂಡತಿ ನೀಲಮ್ಮ ಹೊರಗಿನ ಮಾತು ಕೇಳಿ ಎದ್ದರು.

"ಅದು ನಾನು ಹಿಡಿದ್ರೇನೇ ಮಾತು ಕೇಳೋದು."

"ಏನತ್ತಿಗೆ ಇದು? ಇವತ್ತಿನ ದಿನ ಕಾರು ಹತ್ತೋದಾ? ನೋಡಿದೋರು ಏನಂದಾರು!" ಎಂದು ನಾದಿನಿ ಶಾಂತವ್ವ ಸೆರಗು ಹಿಡಿದಳು.

ಮಠದಿಂದ ಬಂದಿದ್ದ ಗಂಗಾಧರಯ್ಯನವರು ತಲೆ ಎತ್ತಿದರು. "ನಮ್ಮಲ್ಲಿ ಸೂತಕ ಇಲ್ಲಮ್ಮ. ಹೊತ್ತು ಮುಳುಗೋದ್ರೊಳಗೆ ಸಮಾಧಿ ಆಗ್ಬೇಕು. ಹೋಗಿ ಹಿಡೀರಿ ತಾಯಿ."

•

ಮಗಳು ಬಾಣಂತನದಲ್ಲಿ ತೀರಿಕೊಂಡ ಮೇಲೆ ನೀಲಮ್ಮ ವಿಜಯನಗರದ ಈ ಮನೆಯ ಹೊಸಿಲು ದಾಟಿರಲಿಲ್ಲ. ಗುಡಿಗೂ ಬರಲೊಲ್ಲರು, ಮದುವೆ ಮುಂಜಿಗೂ ಬರಲೊಲ್ಲರು. ಆ ವರ್ಷವೇ ಮೇಷ್ಟ್ರು ಈ ಹಳೆಯ ಗಾಡಿ ತಂದದ್ದು. ಅವರ ಹತ್ತಿರ ಪಾಠ ಹೇಳಿಸಿಕೊಂಡ ಹುಡುಗನ ತಂದೆ, ಒಂದು ಕಾಲಕ್ಕೆ ರೇಸಿಗೆಂದು ತರಿಸಿದ್ದನ್ನು ಊರು ಬಿಡುವಾಗ ಕೊಟ್ಟುಹೋಗಿದ್ದ.

"ಪೆಟ್ರೋಲಿನ ಬೆಲೆ ಆಕಾಶಕ್ಕೇರಿದೆ. ಇಬ್ಬರೇ ಕೂರೋ ಗಾಡಿ ಯಾಕ್ರೀ ನಮಗೆ?" ಎಂದಿದ್ದರು ನೀಲಮ್ಮ.

"ನಾವಿರೋದೂ ಇಬ್ರೇ ತಾನೆ?"

ಒಂದು ಭಾನುವಾರ ಮೇಷ್ಟ್ರು ಸಪ್ಪೆ ಮುಖ ಮಾಡಿಕೊಂಡು ಬಂದರು. "ಮೂರನೇ ಗೇರು ನಿಲ್ತಾ ಇಲ್ಲ ಕಣೇ, ಜಾರಿ ಜಾರಿ ಬೀಳುತ್ತೆ. ಪಕ್ಕದಲ್ಲಿ ಕೂತು ಯಾರಾದ್ರೂ ಅದುಮಿ ಹಿಡೀಬೇಕು. ಕೆಂಗೇರಿವರೆಗೆ ಬರ್ತೀಯಾ?"

ಗಂಡ ದಾರಿಯಲ್ಲಿ ನಿಂತುಬಿಟ್ಟರೆ ಎಂಬ ಅಂಜಿಕೆಗೆ ನೀಲಮ್ಮ ಹೊಸಿಲು ದಾಟಿದರು. ಮೈಸೂರು ರಸ್ತೆಯ ಉದ್ದಕ್ಕೂ ಎರಡು ಕೈಯಲ್ಲಿ ಆ ರಾಡನ್ನು ಕೂಸಿನಂತೆ ಹಿಡಿದು ಕೂತರು. ಅಲ್ಲಿಂದ ಮುಂದೆ ಪ್ರತಿ ಭಾನುವಾರವೂ ಹಾಗೆಯೇ. ಜ್ವರವಿದ್ದಾಗಲೂ ಹೋದದ್ದುಂಟು.

"ವಾರವೆಲ್ಲ ಸ್ಕೂಲಿಗೆ ಹೋಗ್ತೀರಲ್ಲ, ಆಗ ಯಾರು ಹಿಡೀತಾರೆ?" ಎಂದು ಒಮ್ಮೆ ಕೇಳಿದ್ದರು.

"ಸ್ಕೂಲಿಗೆ ಎರಡನೇ ಗೇರಲ್ಲೇ ಹೋಗ್ತೀನಿ. ಮೇಷ್ಟ್ರಿಗೇನು ಅವಸರ?"

ನೀಲಮ್ಮನಿಗೆ ಒಳಗೊಳಗೇ ಹೆಮ್ಮೆ. ನಾನಿಲ್ಲದಿದ್ದರೆ ಇವರ ಗಾಡಿ ಮುಂದೆ ಹೋಗುವುದಿಲ್ಲ.

•

ಈಗ ಅವರು ಎಂದಿನ ಎಡಗಡೆಯ ಸೀಟಿನಲ್ಲಿ ಕೂತು ರಾಡನ್ನು ಅದುಮಿದರು, ಎಳೆದರು. ಅದು ಮಾತು ಕೇಳಲಿಲ್ಲ.

"ನಿನ್ನೆ ಸಾಯಂಕಾಲ ಸರಿಯಾಗೇ ಇತ್ತಲ್ಲ..."

"ಕೈ ತೆಗೀರಿ ನೀಲಮ್ಮೋರೆ," ಎಂದು ಗೋಪೀನಾಥ ರಾಡಿನ ಬುಡದ ತೊಗಲಿನ ಮುಸುಕನ್ನು ಮೇಲಕ್ಕೆತ್ತಿ, ಬಗ್ಗಿ ನೋಡಿದ. "ಅಯ್ಯೋ, ಬಾಕ್ಸಿಗೆ ಏನೂ ಆಗಿಲ್ಲ! ಬುಡದ ನಟ್ಟು ಸಡಿಲ, ಅಷ್ಟೇ." ಮತ್ತೆ ಬಗ್ಗಿದ. "ಇದೇನ್ ಸಾರ್, ನಟ್ಟಿನ ಮೂಲೆಗಳೆಲ್ಲ ಸವೆದು ಗುಂಡಗಾಗಿವೆ. ಯಾರೋ ಬಿಚ್ಚೋದು, ಬಿಗಿಯೋದು, ಇದನ್ನೇ ಮಾಡಿದಾರೆ."

"ಅದು ಮೊದಲಿಂದಲೂ ಸಡಿಲವೇ," ಎಂದರು ನೀಲಮ್ಮ.

"ಎಲ್ಲೀದು! ಮೊನ್ನೆ ಮಂಗಳವಾರ ಮೇಷ್ಟ್ರು ನನ್ನನ್ನ ಮೆಜೆಸ್ಟಿಕ್‌ಗೆ ಬಿಟ್ರು. ರಾಡು ಬಂಡೆ ತರ ಇತ್ತು. ಮೂರನೇ ಗೇರಲ್ಲಿ ಹಾರಿಸ್ಕೊಂಡ್ ಹೋದ್ರು."

ನಿನ್ನೆ ಭಾನುವಾರ. ಇಂದು ಸೋಮವಾರ, ನಟ್ಟನ್ನು ಮತ್ತೆ ಬಿಗಿಯಬೇಕಾದವರು ಪಡಸಾಲೆಯಲ್ಲಿ ಕೂತಿದ್ದರು.

ಗೋಪೀನಾಥ ಸ್ಪಾನರ್ ತಂದು ನಟ್ಟು ಬಿಗಿದ. ರಾಡು ನೆಟ್ಟಗೆ ನಿಂತಿತು, ನ್ಯೂಟ್ರಲ್ ಸಿಕ್ಕಿತು. ನೀಲಮ್ಮ ಒಳಗೆ ಕೂತಿದ್ದಂತೆಯೇ ಕಾರು ಸರಾಗವಾಗಿ ಬೀದಿಗೆ ಉರುಳಿತು. ಅದಕ್ಕೆ ಯಾರ ಕೈಯೂ ಬೇಕಾಗಿರಲಿಲ್ಲ.

ಹಾಗಾದರೆ ಇಷ್ಟು ವರ್ಷ ತಾನು ಹಿಡಿದದ್ದೇನು? ಜ್ವರದಲ್ಲಿ ನಡುಗುತ್ತ ಹೋದದ್ದು ಯಾತಕ್ಕೆ? ನನ್ನ ಕೈ ಅವರಿಗೆ ಬೇಕಾಗಿತ್ತೋ, ಹುಚ್ಚಿಯನ್ನು ಆಡಿಸಿದಂತೆ ಆಡಿಸಿದರೋ? ಶಿವನೇ, ಇದಕ್ಕೆ ಅಳಬೇಕೋ, ಜಗಳಕ್ಕೆ ಹೋಗಬೇಕೋ? ಜಗಳವಾಡಲು ಯಾರಿದ್ದಾರೆ?

"ಇಳೀರಿ ಅತ್ತಿಗೆ, ವಿಮಾನ ಒಳಗೆ ಹೋಯ್ತು," ಎಂದ ಚನ್ನಮಲ್ಲಪ್ಪ.

"ಗೋಪೀನಾಥ, ಆ ಸ್ಪಾನರ್ ಇಲ್ಲಿ ಕೊಡಪ್ಪ. ಎಷ್ಟು ತಿರುಗಿಸಿದ್ರೆ ಸಡಿಲ ಆಗುತ್ತೆ?"

ಅವನು ತಬ್ಬಿಬ್ಬಾದ. "ಅರ್ಧ ಸುತ್ತು ಸಾಕು. ಯಾಕಮ್ಮ?"

ನೀಲಮ್ಮ ಸೊಂಟ ಬಗ್ಗಿಸಿ, ತಲೆ ತಗ್ಗಿಸಿ, ಸ್ಪಾನರನ್ನು ನಟ್ಟಿಗೆ ಕೊಟ್ಟು ಒತ್ತಿದರು. ಜಾರಿತು. ಮತ್ತೆ ಒತ್ತಿದರು. ಬೆರಳ ಗೆಣ್ಣು ತರಚಿತು, ಬಳೆ ಚುಚ್ಚಿತು, ಹಣೆಯಲ್ಲಿ ಬೆವರೊಡೆಯಿತು. ಕೊನೆಗೆ ಕಿರ್ರೆಂದು ಅರ್ಧ ಸುತ್ತು ತಿರುಗಿತು. ಎದ್ದು ಕೂರಲು ಸೀಟನ್ನು ಹಿಡಿಯಬೇಕಾಯಿತು. ಮೇಷ್ಟ್ರೋ ಸಂಧಿವಾತದ ಮನುಷ್ಯ, ಚಪ್ಪಲಿ ಮೆಟ್ಟಲು ಬಗ್ಗುವಾಗಲೂ 'ಶಿವಶಿವಾ' ಎನ್ನುತ್ತಿದ್ದವರು.

"ಇದನ್ನ ಪ್ರತಿ ವಾರವೂ..." ಎಂದು ಏನೋ ಹೇಳಹೋಗಿ ನಿಲ್ಲಿಸಿದರು.

ಒಳಗೆ ಗಂಗಾಧರಯ್ಯನವರು ವಿಭೂತಿಯ ತಟ್ಟೆ ಹಿಡಿದು ಕಾಯುತ್ತಿದ್ದರು. "ನಿಮ್ಮ ಕೈಯಿಂದ ಕೊನೇ ವಿಭೂತಿ, ತಾಯಿ."

ನೀಲಮ್ಮ ಮೂರು ಬೆರಳು ಅದ್ದಿ ಗಂಡನ ಹಣೆಗೆ ಎಳೆದರು. ಬಿಳಿಯ ಪಟ್ಟೆಗಳ ಮೇಲೆ ಗ್ರೀಸಿನ ಮೂರು ಕಪ್ಪು ಗೆರೆಗಳು ಕಿವಿಯವರೆಗೂ ಹರಿದವು. ಶಾಂತವ್ವ ಒದ್ದೆ ಬಟ್ಟೆ ಹಿಡಿದು ಧಾವಿಸಿದಳು. ಅಯ್ಯನವರು ಒಮ್ಮೆ ಆ ಹಣೆಯನ್ನು, ಒಮ್ಮೆ ನೀಲಮ್ಮನ ಕೈಯನ್ನು ನೋಡಿ, ಶಾಂತವ್ವನಿಗೆ ಅಡ್ಡವಾಗಿ ನಿಂತರು.