ಎತ್ತಿದ ಕಾಲಿನ ನೊಣ

ನಾನು ಮರದ ಗಾಯದಿಂದ ಇಳಿದ ಒಂದು ಹನಿ ಅಂಟು. ಇನ್ನೂ ಇಳಿಯುತ್ತಿದ್ದಾಗಲೇ ಸಾಸಿವೆ ಕಾಳಿನಷ್ಟು ನೊಣವೊಂದು ನನ್ನ ಮೇಲೆ ಕೂತಿತು. ಏನೋ ಅನುಮಾನ ಬಂದು ಒಂದು ಕಾಲು ಎತ್ತಿತು. ಅಷ್ಟರಲ್ಲಿ ನಾನು ಅದನ್ನು ಮುಚ್ಚಿಬಿಟ್ಟಿದ್ದೆ. ಮಣ್ಣಿನಡಿ ಐದು ಕೋಟಿ ವರ್ಷ ಬಿದ್ದು ಗಟ್ಟಿಯಾದೆ, ಅಂಬರ್ ಆದೆ.

ಗುಜರಾತಿನ ಗಣಿಯಲ್ಲಿ ಕೂಲಿಯವನೊಬ್ಬ ನನ್ನನ್ನು ಹೆಕ್ಕಿ ಮಣಿ ಅಂಗಡಿಗೆ ಕೊಟ್ಟ. ಅಲ್ಲಿಂದ ಧಾರವಾಡಕ್ಕೆ ತಂದವಳು ಅಚಲಾ, ನೊಣಗಳ ಮೇಲೆ ಸಂಶೋಧನೆ ಮಾಡುವ ಹುಡುಗಿ. ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದವಳೇ ಕುರ್ಚಿಯಿಂದ ಎದ್ದುಬಿಟ್ಟಳು.

“ಸರ್, ರೆಕ್ಕಿಯೊಳಗ ಒಂದು ಗೆರಿ ಹೆಚ್ಚಿಗಿ ಐತ್ರಿ! ಇಂಥಾ ನೊಣ ಯಾರೂ ಬರದಿಟ್ಟಿಲ್ಲ. ಹೊಸಾ ಜಾತಿ!”

ಅವಳ ಗೈಡ್ ನಾಡಿಗೇರ ಸರ್ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು, ಕಳ್ಳನನ್ನು ನೋಡಿದ ಹಾಗೆ.

“ಅದಕ್ಕ ನನಗ ಸಂಶಯ. ಅಂಗಡ್ಯಾಗಿಂದು. ಪ್ಲಾಸ್ಟಿಕ್ ಕರಗಿಸಿ ನೊಣ ಕೂಡಿಸಿರ್ತಾರ, ಗೆರೀನೂ ಅವರ ಎಳದಿರ್ತಾರ. ಖರೇ ಅನ್ನೂತನಕ ನಿನ್ನ ಪ್ರಬಂಧಕ್ಕ ನಾ ಸಹಿ ಮಾಡಂಗಿಲ್ಲ.”

ಆ ಸಹಿ ಇಲ್ಲದಿದ್ದರೆ ಅಚಲಾಳ ಮೂರು ವರ್ಷದ ದುಡಿಮೆ ಮಣ್ಣುಪಾಲು.

ಅವಳು ಸೂಜಿ ಕಾಯಿಸಿ ನನಗೆ ಚುಚ್ಚಿದಳು. ಪ್ಲಾಸ್ಟಿಕ್ ಆದರೆ ನಾತ, ಅಂಬರ್ ಆದರೆ ಮರದಂಟಿನ ಘಮ. ಘಮ್ಮೆಂದಿತು! ಅವಳು ಕುಣಿದಳು. ಸರ್ ಮೂಗರಳಿಸಿ ಮೂಲೆಗೆ ಬೆರಳು ತೋರಿಸಿದರು. ಅಲ್ಲಿ ಅಟೆಂಡರ್ ಬಾಳಪ್ಪ, ಶುಕ್ರವಾರವಲ್ಲವೇ, ಸೂಕ್ಷ್ಮದರ್ಶಕಗಳಿಗೆಲ್ಲ ಲೋಬಾನದ ಹೊಗೆ ಹಾಕುತ್ತಿದ್ದ; ಅದೂ ಮರದಂಟೇ.

“ಬಾಳಪ್ಪನ ಹೊಗಿಗೆ ಹೆಸರಿಡತೀ ಏನವ್ವಾ?”

ಅಚಲಾ ನನ್ನ ಅಂಚನ್ನು ಬ್ಲೇಡಿನಿಂದ ಕೊಯ್ದಳು. ಅಲಗು ಆ ಎತ್ತಿದ ಕಾಲಿನಿಂದ ಕೂದಲೆಳೆಯಷ್ಟು ದೂರದಲ್ಲಿ ಹಾದುಹೋಯಿತು. ಚೂರನ್ನು ಗಾಳಿ ಆಡುವ ಟೆರೇಸಿನಲ್ಲಿ ಸುಟ್ಟಳು. ಸರ್ ತಮ್ಮ ಮೂಗನ್ನೂ ನಂಬಲಿಲ್ಲ.

“ಬಾಳಪ್ಪಾ, ನೀ ಮೂಸು.”

“ಇದು ನಮ್ಮ ಲೋಬಾನ ಅಲ್ರೀ ಸರ. ಪ್ಲಾಸ್ಟಿಕ್ಕೂ ಅಲ್ಲ. ಹಳೇ ದೇವದಾರು ಪೆಟಗಿ ತಗದಂಗ ಬರ್ತೈತಿ.”

ಆದರೂ ಸರ್ ನನ್ನನ್ನು ಒಂದು ಗಂಟೆ ತಿರುಗಿಸಿ ನೋಡಿದರು. ಎಲ್ಲೂ ಬೆಸುಗೆ ಇರಲಿಲ್ಲ. ಇನ್ನೊಂದು ರೆಕ್ಕೆಯಲ್ಲೂ ಅದೇ ಗೆರೆ, ಅದೇ ಜಾಗದಲ್ಲಿ. ಪೆನ್ನಿನ ಟೋಪಿ ತೆಗೆದರು.

ಈಗ ನಾನು ಡ್ರಾಯರಿನ ಹತ್ತಿಯ ಮೇಲೆ, ಕೆಂಪು ಚೀಟಿಯ ಡಬ್ಬಿಯಲ್ಲಿದ್ದೇನೆ. ಚೀಟಿಯಲ್ಲಿ ನೊಣದ ಹೊಸ ಹೆಸರಿದೆ. ತೆರೆದವರೆಲ್ಲ ಈಗಲೂ ಕಣ್ಣು ಕಿರಿದು ಮಾಡುತ್ತಾರೆ. ನಾನು ಅವರ ಕೈಯಲ್ಲಿ ಸೂಜಿ ಇದೆಯೇ ಎಂದು ನೋಡುತ್ತೇನೆ. ಕೊನೆಗೆ ಎಲ್ಲರೂ ನನ್ನನ್ನು ನಂಬಿ ಡಬ್ಬಿ ಮುಚ್ಚುತ್ತಾರೆ.

ಒಳಗಿರುವ ನೊಣ ಮಾತ್ರ ನಂಬಿಲ್ಲ. ಎತ್ತಿದ ಕಾಲನ್ನು ಅದು ಇನ್ನೂ ಊರಿಲ್ಲ.